ದೋಷವಿಲ್ಲದ ನೆಟ್‌ವರ್ಕ್ ಮತ್ತು ಎಂಟು ಗಂಟೆಯ ಸಾಲು

ಗಣಕ ವಿಭಾಗದ ಮುಖ್ಯಸ್ಥರಿಗೆ,

ಹನ್ನೊಂದು ದೂರಿಗೂ ‘ಪರಿಶೀಲಿಸಲಾಗಿದೆ, ದೋಷವಿಲ್ಲ’ ಎಂಬ ಒಂದೇ ಉತ್ತರ ದಯಪಾಲಿಸಿದ ಮಾನ್ಯರೇ, ನಮ್ಮ ಸರ್ಕಾರಿ ಔಷಧಾಲಯದ ಲಿನಕ್ಸ್ ಕಂಪ್ಯೂಟರನ್ನು ಬೆಳಿಗ್ಗೆ ಎಂಟಕ್ಕೆ ಆನ್ ಮಾಡಿದರೆ ನೆಟ್‌ವರ್ಕ್ ಹಿಡಿಯುವುದಿಲ್ಲ. ನೆಟ್‌ವರ್ಕ್ ಇಲ್ಲದೆ ರೋಗಿಯ ಚೀಟಿ ತೆರೆಯುವುದಿಲ್ಲ. ಚೀಟಿ ತೆರೆಯದೆ ಮದ್ದು ಕೊಡಬಾರದೆಂದು ತಮ್ಮದೇ ಸುತ್ತೋಲೆ. ಮದ್ದು ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ, ರೋಗಿ ಕಿಟಕಿಯ ಆಚೆ, ನಡುವೆ ತಮ್ಮ ಸುಧಾರಣೆ.

ದೂರು ಕೊಡಲಿಕ್ಕೂ ನೆಟ್‌ವರ್ಕೇ ಬೇಕು. ಹಾಗಾಗಿ ಅದು ಬಂದ ಮೇಲೆ ‘ಬಂದಿಲ್ಲ’ ಎಂದು ದೂರುವ ಭಾಗ್ಯ ನನ್ನದು. ಗೋಡೆಯ ಮೇನ್ ಸ್ವಿಚ್ಚನ್ನು ಹತ್ತು ಸಲ ಆರಿಸಿ ಹಾಕಿದರೆ ಒಂದು ಸಲ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಆಗಮಿಸುವ ತಮ್ಮ ತಂತ್ರಜ್ಞರು, “ಚೆನ್ನಾಗೇ ಓಡ್ತಿದೆಯಲ್ಲಾ ಮೇಡಂ” ಎಂದು ಸಹಿ ಹಾಕಿ ಹೋಗುತ್ತಾರೆ. ಜ್ವರ ಇಳಿದ ಮೇಲೆ ನಾಡಿ ಹಿಡಿಯುವ ವೈದ್ಯನನ್ನು ಯಾರಾದರೂ ನಂಬುತ್ತಾರೆಯೇ?

ಒಂದು ಸೋಮವಾರದ ಸಂಗತಿ ಹೇಳುತ್ತೇನೆ. ಬಟ್ಟೆ ಹೊಲಿಯುವುದರಿಂದ ನಾವೆಲ್ಲ ಹೊಲಿಗೆಯಮ್ಮ ಎಂದು ಕರೆಯುವ ಸಕ್ಕರೆ ಕಾಯಿಲೆಯ ಹೆಂಗಸು ಸಾಲಿನಲ್ಲಿ ಮೊದಲಿದ್ದರು. ಮನೆಯಲ್ಲಿ ಇನ್ಸುಲಿನ್ ಮುಗಿದಿತ್ತು. ಚುಚ್ಚಿಕೊಳ್ಳದೆ ಉಣ್ಣುವಂತಿಲ್ಲವೆಂದು ಹಸಿದೇ ಬಂದಿದ್ದರು. “ಇನ್ನೆಷ್ಟು ಹೊತ್ತಮ್ಮಾ?” ಎಂದು ಎರಡು ಸಲ ಕೇಳಿದರು. “ಈಗ ಬರತ್ತೆ, ಕೂತ್ಕೊಳ್ಳಿ” ಎಂದೆ. ಕೂರಲು ಬೆಂಚಿರಲಿಲ್ಲ. ಐವತ್ತನೇ ನಿಮಿಷಕ್ಕೆ ಕಣ್ಣು ಕತ್ತಲೆ ಬಂದು ಮೆಟ್ಟಿಲ ಮೇಲೆ ಬಿದ್ದರು. ಹುಬ್ಬಿಗೆ ಮೂರು ಹೊಲಿಗೆ ಬಿತ್ತು. ಆಮೇಲೆ ಸುತ್ತೋಲೆ ಮುರಿದು, ಚೀಟಿಯಿಲ್ಲದೆ ಇನ್ಸುಲಿನ್ ಕೊಟ್ಟೆ. ಅದನ್ನು ಐವತ್ತು ನಿಮಿಷ ಮೊದಲೇ ಮಾಡಬಹುದಿತ್ತು. ಆ ತಪ್ಪು ನನ್ನದು, ತಮ್ಮ ತಲೆಗೆ ಕಟ್ಟುವುದಿಲ್ಲ.

ಮೆಟ್ಟಿಲ ಮೇಲಿನ ರಕ್ತ ತೊಳೆದು ಒಳಬಂದ ಕಸಗುಡಿಸುವಾಕೆ ಹೇಳಿದಳು: “ಅಕ್ಕಾ, ಗೋಡೆ ಮೇಲಿನ ನೆಟ್ ಡಬ್ಬಿ ದೀಪ ಹಸಿರಾಗೋ ಮುಂಚೇನೇ ನಿಮ್ ಕಂಪ್ಯೂಟರ್ ಕೈಚೆಲ್ಲಿ ಕೂರತ್ತೆ. ದಿನಾ ನೋಡ್ತೀನಿ.” ಎರಡು ವರ್ಷದಿಂದ ಅದರೆದುರು ಕೂತ ನಾನು ನೋಡಿರಲಿಲ್ಲ. ತಮ್ಮ ತಂತ್ರಜ್ಞರಂತೂ ತಲೆಯೆತ್ತಿಯೇ ಇರಲಿಲ್ಲ.

ನನ್ನ ಭಾವ ಮುದ್ರಣಾಲಯವೊಂದರಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು. ಭಾನುವಾರ ಬಂದು, ಕಂಪ್ಯೂಟರು ಏಳುವಾಗ ತಾನೇ ಬರೆದಿಡುವ ದಾಖಲೆಯನ್ನು ಸಾಲುಸಾಲಾಗಿ ಓದಿ ನಕ್ಕರು. “ಅವಳು ಹೇಳಿದ್ದೇ ಸರಿ ಕಣಮ್ಮ. ಎರಡಕ್ಕೂ ಒಂದೇ ಸ್ವಿಚ್ಚು. ಇದು ಎದ್ದ ತಕ್ಷಣ ಡಬ್ಬಿ ಹತ್ರ ತನ್ನ ನೆಟ್‌ವರ್ಕ್ ವಿಳಾಸ ಕೇಳತ್ತೆ. ಡಬ್ಬಿ ತಯಾರಾಗೋಕೆ ಅರ್ಧ ನಿಮಿಷ ಬೇಕು. ಉತ್ತರ ಬರಲಿಲ್ಲ ಅಂತ ಇದು ಮುನಿಸ್ಕೊಂಡು ಕೂರತ್ತೆ. ಸ್ವಲ್ಪ ತಾಳು, ಮತ್ತೆ ಕೇಳು ಅಂತ ಹೇಳಿದ್ರೆ ಸಾಕು.” ತಮ್ಮವರೇ ಪರದೆಯ ಅಂಚಿಗೆ ಅಂಟಿಸಿ ಹೋಗಿದ್ದ ಪಾಸ್‌ವರ್ಡ್ ಒತ್ತಿ, ಒಂದೇ ಒಂದು ಸಾಲು ಸೇರಿಸಿದರು.

ಹತ್ತೊಂಬತ್ತು ದಿನ ಕಿಟಕಿ ಎಂಟಕ್ಕೇ ತೆರೆಯಿತು. ಇಪ್ಪತ್ತನೆಯ ದಿನ, ಹನ್ನೊಂದು ದೂರಿಗೂ ಅಲುಗದ ತಮ್ಮ ಕಚೇರಿ ಮಿಂಚಿನಂತೆ ಎಚ್ಚೆತ್ತಿತು. ‘ಅನಧಿಕೃತ ಬದಲಾವಣೆ’ಗೆ ಕಾರಣ ಕೇಳಿ ನನಗೆ ನೋಟಿಸು. ಸಾಲು ಅಳಿಸಿ ವ್ಯವಸ್ಥೆಯನ್ನು ‘ಯಥಾಸ್ಥಿತಿ’ಗೆ ತರಲಾಯಿತು. ಸ್ವಾಮೀ, ಯಥಾಸ್ಥಿತಿಯೇ ರೋಗವಾಗಿದ್ದಾಗ ಅದನ್ನು ಮರಳಿ ಅಂಟಿಸುವುದು ಯಾವ ಚಿಕಿತ್ಸೆ?

ಈಗ ಮತ್ತೆ ಎಂಟಕ್ಕೆ ನೆಟ್‌ವರ್ಕ್ ಇಲ್ಲ, ಚೀಟಿ ತೆರೆಯುವುದಿಲ್ಲ. ನಾನು ಮಾತ್ರ ಹಳೆಯ ನೋಟ್‌ಬುಕ್ಕಿನಲ್ಲಿ ಹೆಸರು ಬರೆದು ಮದ್ದು ಕೊಡುತ್ತಿದ್ದೇನೆ. ಯಾರೂ ಕಾಯುತ್ತಿಲ್ಲ. ಇದಕ್ಕೂ ನೋಟಿಸು ಕಳಿಸಬಹುದು, ವಿಳಾಸ ತಮಗೆ ಗೊತ್ತಿದೆ.

ನನ್ನ ಬೇಡಿಕೆ ಸಣ್ಣದು. ಆ ಒಂದು ಸಾಲನ್ನು ತಮ್ಮ ಅಧಿಕೃತ ಕೈಗಳಿಂದಲೇ ಮರಳಿ ಬರೆಸಿ, ಕೀರ್ತಿಯನ್ನೂ ತಾವೇ ಇಟ್ಟುಕೊಳ್ಳಿ. ಆಗದಿದ್ದರೆ ಒಂದು ದಿನ ಬೆಳಿಗ್ಗೆ ಎಂಟಕ್ಕೆ ಬಂದು, ನನ್ನ ಕುರ್ಚಿಯಲ್ಲಿ ಕೂತು, ಕಿಟಕಿಯ ಆಚೆ ನಿಂತವರ ಮುಖ ನೋಡಿ ‘ದೋಷವಿಲ್ಲ’ ಎಂದು ಬಾಯಿಬಿಟ್ಟು ಹೇಳಿ.

ಇಂತಿ,
ತಮ್ಮ ನೋಟಿಸಿಗೆ ಇದಕ್ಕಿಂತ ವಿನಯದ ಉತ್ತರ ಹೊಳೆಯದ
ಔಷಧ ವಿತರಕಿ