ಹದಿಮೂರರಲ್ಲಿ ಎಂಟು ಕಳೆದರೆ

ಮಾರ್ಚ್ ಹನ್ನೊಂದು, ಮಂಗಳವಾರ ಬೆಳಿಗ್ಗೆ

ಪುಟ್ಟಿ,

ಹೀಗೆ ಕರೆಯುವ ಹಕ್ಕು ನನಗಿನ್ನೂ ಇದೆಯೋ ಇಲ್ಲವೋ ಗೊತ್ತಿಲ್ಲ. ಬೇರೆ ಹೇಗೆ ಶುರು ಮಾಡಿದರೂ ಶಾಲೆಯಿಂದ ಪೋಷಕರಿಗೆ ಕಳಿಸುವ ಚೀಟಿಯ ಹಾಗೆ ಕಾಣಿಸಿತು. ಎರಡು ಹಾಳೆ ಹರಿದು ಹಾಕಿ ಮತ್ತೆ ಇಲ್ಲಿಗೇ ಬಂದೆ. ಅಕ್ಷರ ನೋಡಿ ಗಾಬರಿಯಾಗಬೇಡ. ಬಲಗೈ ಈಚೆಗೆ ನನ್ನ ಮಾತು ಕೇಳುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಮೊದಲು ಒಪ್ಪಿಕೊಳ್ಳಬೇಕಾದ್ದು ಇದು. ಹೋದ ಭಾನುವಾರ ಮಧ್ಯಾಹ್ನ ನಿಮ್ಮ ಮನೆಯಲ್ಲೇ ಇರುವ ಮೊಬೈಲಿಗೆ ಫೋನ್ ಮಾಡಿದ್ದೆ. ಆ ಹೊತ್ತಿನಲ್ಲಿ ನೀನು ಅಂಗಡಿಯಲ್ಲಿರುತ್ತೀಯ ಎಂದು ಗೊತ್ತಿದ್ದೇ ಮಾಡಿದೆ. ಅಳಿಯಂದಿರು ಒಳಗೆ ನಿದ್ದೆ ಮಾಡುತ್ತಿದ್ದರಂತೆ, ನಿನ್ನ ಮಗಳು ಫೋನ್ ಎತ್ತಿದಳು. "ಅಜ್ಜಿ ಅಂತ ಬರ್ತಿದೆ, ನೀವು ಯಾವ ಅಜ್ಜಿ?" ಎಂದು ಕೇಳಿದಳು. ನನ್ನ ನಂಬರನ್ನು ನೀನು ಆ ಹೆಸರಿನಲ್ಲಿ ಇಟ್ಟುಕೊಂಡಿದ್ದೀಯ ಎಂದು ನನಗೆ ಗೊತ್ತಿರಲಿಲ್ಲ.

ಏನು ಮಾಡುತ್ತಿದ್ದೀಯ ಕಂದ ಎಂದು ಕೇಳಿದೆ. "ಹೋಮ್‌ವರ್ಕು. ಲೆಕ್ಕ. ನಂಗೆ ಬರಲ್ಲ. ನಮ್ಮನೇಲಿ ಯಾರಿಗೂ ಬರಲ್ವಂತೆ, ಅಮ್ಮ ಹೇಳಿದ್ಲು" ಎಂದಳು. ಎಷ್ಟು ನಿರಾಳವಾಗಿ ಹೇಳಿದಳೆಂದರೆ, ನಮ್ಮನೇಲಿ ಎಲ್ಲರಿಗೂ ಕಣ್ಣು ಕಪ್ಪು ಎನ್ನುವ ಹಾಗೆ. ಅಜ್ಜಿ ಲೆಕ್ಕದ ಟೀಚರ್ ಆಗಿದ್ದೆ ಕಣೇ ಎಂದೆ. ಮಗು, "ಓ, ಅದಕ್ಕೇನಾ ಅಮ್ಮ ನಿಮ್ಹತ್ರ ಮಾತಾಡಲ್ಲ?" ಎಂದಳು.

ಆ ಪ್ರಶ್ನೆಯನ್ನು ದಾಟಿ, ಪುಸ್ತಕದಲ್ಲಿರುವ ಲೆಕ್ಕ ಓದು ಎಂದೆ. ಅದಕ್ಕೇ ಈ ಪತ್ರ.

ನಾಲ್ಕು ತಿಂಗಳ ಹಿಂದೆ ನನಗೆ ಸ್ಟ್ರೋಕ್ ಆಯಿತು. ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ಬಿದ್ದೆ. ನಲ್ಲಿ ತಿರುಗಿಸುವವರಿಲ್ಲದೆ ನೀರು ಮೆಟ್ಟಿಲಿಳಿದು ಕೆಳಗಿನ ಮನೆಯ ಬಾಗಿಲಿಗೆ ಹೋಗಿ ಮುಟ್ಟಿತು. ಆ ಮನೆಯಾಕೆ ಬೈಯಲೆಂದು ಮೇಲೆ ಬಂದವರು ನನ್ನನ್ನು ಆಸ್ಪತ್ರೆಗೆ ಸೇರಿಸಿದರು. ನಿನಗೆ ತಿಳಿಸುತ್ತೇನೆ ಎಂದು ಅವರು ಅಂದಾಗ ತಲೆ ಅಲ್ಲಾಡಿಸಿ ಬೇಡವೆಂದೆ. ಮಗಳಿಗೆ ತೊಂದರೆ ಕೊಡಲು ಇಷ್ಟವಿಲ್ಲ ಎಂದು ಅವರು ತಿಳಿದುಕೊಂಡರು. ನಿಜ ಅದಲ್ಲ. ನೀನು ನನ್ನನ್ನು ಆ ಸ್ಥಿತಿಯಲ್ಲಿ ನೋಡುವುದು ನನಗೆ ಬೇಕಿರಲಿಲ್ಲ.

ಎರಡು ವಾರಕ್ಕೆ ಮಾತು ಬಂತು, ಎರಡು ತಿಂಗಳಿಗೆ ಕೈ ಪೆನ್ನು ಹಿಡಿಯಿತು. ಬಾರದೆ ಹೋದದ್ದು ಅಂಕಿಗಳು. ಡಾಕ್ಟರು ಮಂಚದ ಪಕ್ಕ ನಿಂತು, "ನೂರರಿಂದ ಏಳೇಳು ಕಳೀತಾ ಹೋಗಿಯಮ್ಮ" ಎಂದರು. ಮೂವತ್ತನಾಲ್ಕು ವರ್ಷ ಲೆಕ್ಕ ಕಲಿಸಿದವಳು ನಾನು. ನೂರು ಎಂದೆ. ಆಮೇಲೆ ಏನೂ ಇಲ್ಲ. ದೀಪ ಆರಿದ ಕೋಣೆಯಲ್ಲಿ ಸ್ವಿಚ್ಚಿಗೆ ತಡಕಾಡಿದ ಹಾಗೆ ತಡಕಾಡಿದೆ, ಗೋಡೆಯೇ ಸಿಗಲಿಲ್ಲ. ಕನ್ನಡಕ ತಂದಿಲ್ಲ ಡಾಕ್ಟ್ರೇ ಎಂದು ಸುಳ್ಳು ಹೇಳಿದೆ. ಅವರು ನಕ್ಕು, "ಬಾಯಿಲೆಕ್ಕಕ್ಕೆ ಕನ್ನಡಕ ಯಾಕಮ್ಮ?" ಎಂದರು. ನಾನೂ ನಕ್ಕೆ. ಅವರು ಆಚೆ ಹೋದ ಮೇಲೆ ಗೋಡೆ ಕಡೆ ತಿರುಗಿ ಮಲಗಿದೆ.

ಈಗ ವಾರಕ್ಕೆ ಮೂರು ದಿನ ಸ್ಟ್ರೋಕ್ ಆದವರಿಗೆಂದಿರುವ ಒಂದು ತರಬೇತಿ ಕೇಂದ್ರಕ್ಕೆ ಹೋಗುತ್ತೇನೆ. ಉದ್ದನೆಯ ಕೋಣೆ, ಕಿಟಕಿಯ ಹತ್ತಿರ ಒಂದು ಮೇಜು, ಎದುರಿಗೆ ಇಪ್ಪತ್ತಾರರ ಒಬ್ಬ ಹುಡುಗಿ. ನನ್ನ ಹಳೆಯ ವಿದ್ಯಾರ್ಥಿಗಳಿಗಿಂತ ಚಿಕ್ಕವಳು, ಈಗ ನನ್ನ ಟೀಚರ್. ಮೊದಲ ದಿನವೇ ನಾನು, ಇನ್ನು ನಂಗೆ ಇದು ಬರಲ್ಲಮ್ಮ, ಬಿಟ್ಬಿಡು ಎಂದೆ. ಅವಳು ಡಬ್ಬಿಯಿಂದ ಗುಂಡಿಗಳನ್ನು ಮೇಜಿನ ಮೇಲೆ ಸುರಿಯುತ್ತಾ, "ಇವತ್ತು ಬರ್ಲಿಲ್ಲ. ನಮಗೆ ಗೊತ್ತಿರೋದು ಅಷ್ಟೇ. ನಾಳೆದು ನಿಮಗೆ ಹೇಗ್ ಗೊತ್ತಾಯ್ತು?" ಎಂದಳು. ಜಗಳಗಂಟಿಯ ಹಾಗಲ್ಲ, ನಿಜಕ್ಕೂ ಗೊತ್ತಿಲ್ಲದೆ ಕೇಳುವವಳ ಹಾಗೆ.

ಮೂರನೆಯ ವಾರ ಅವಳು ಹದಿಮೂರರಲ್ಲಿ ಎಂಟು ಕಳೆಯಲು ಹೇಳಿದಳು. ಬೆರಳು ಮಡಿಸಿ ಮಡಿಸಿ ಆರು ಎಂದೆ. ತಪ್ಪು ಎಂದು ಅವಳ ಮುಖ ನೋಡಿದರೆ ತಿಳಿದುಬಿಡುತ್ತದೆ ಎಂದು ಕಾದೆ. ಮುಖದಲ್ಲಿ ಏನೂ ಇರಲಿಲ್ಲ. "ಆರು ಹೇಗ್ ಬಂತು, ನಂಗೂ ತೋರ್ಸಿ" ಎಂದಳು. ತೋರಿಸಿದೆ. ಹದಿಮೂರು, ಹನ್ನೆರಡು, ಹನ್ನೊಂದು ಎಂದು ಹಿಂದಕ್ಕೆ ಎಂಟು ಹೆಜ್ಜೆ ಎಣಿಸುತ್ತಾ ಹೋದಾಗ ನನಗೇ ಸಿಕ್ಕಿತು. ಹೊರಡುವ ಮೊದಲೇ ನಿಂತ ಜಾಗವನ್ನೂ ಒಂದು ಹೆಜ್ಜೆ ಎಂದು ಎಣಿಸಿದ್ದೆ. "ನೋಡಿ, ದಾರಿ ಸರಿಯಾಗೇ ಇದೆ. ಶುರು ಮಾಡಿದ್ದು ಒಂದ್ ಹೆಜ್ಜೆ ಮುಂಚೆ, ಅಷ್ಟೇ" ಎಂದಳು. ಐದು ಎಂದು ಬರೆದೆ. ಪುಟ್ಟಿ, ಆ ಐದನ್ನು ಬರೆದಷ್ಟು ಸಂತೋಷ ನನಗೆ ಪದವಿ ಪಡೆದ ದಿನವೂ ಆಗಿರಲಿಲ್ಲ. ಆದರೆ ಬಸ್ಸಿನಲ್ಲಿ ಕೂತಾಗ ನೆನಪಾಯಿತು. ಎರಡನೇ ತರಗತಿಯಲ್ಲಿ ನೀನೂ ಇದೇ ತಪ್ಪು ಮಾಡುತ್ತಿದ್ದೆ. ಪ್ರತಿ ಸಲ ಒಂದು ಜಾಸ್ತಿ. ಎಷ್ಟು ಸಲ ಹೇಳ್ಬೇಕು ನಿಂಗೆ ಎಂದು ಕೇಳಿದ್ದೇನೆ, ಪುಸ್ತಕ ಕಿತ್ತುಕೊಂಡು ಉತ್ತರ ನಾನೇ ಬರೆದಿದ್ದೇನೆ. ಹೇಗೆ ಬಂತು ಎಂದು ಒಂದು ಸಲವೂ ಕೇಳಲಿಲ್ಲ. ಕೇಳಿದ್ದರೆ ಐದು ನಿಮಿಷದ ಕೆಲಸ.

ಕೇಳುವ ಬದಲು ನಾನು ಎಲ್ಲರಿಗೂ ಒಂದು ಮಾತು ಹೇಳಿಕೊಂಡು ಬಂದೆ. ಇವಳು ಅವರಪ್ಪನ ಹಾಗೆ, ಇವಳಿಗೆ ಲೆಕ್ಕ ತಲೆಗೆ ಹತ್ತೋದಿಲ್ಲ. ನಿಮ್ಮಪ್ಪ ಅದನ್ನು ಕೇಳಿ ನಗುತ್ತಿದ್ದರು. ನೀನು ಕೇಳಿ ನಂಬುತ್ತಿದ್ದೆ.

ಇನ್ನು ಎಂಟನೇ ತರಗತಿಯ ವಿಷಯ. ಅದನ್ನು ನಾವಿಬ್ಬರೂ ಇಪ್ಪತ್ತೈದು ವರ್ಷದಲ್ಲಿ ಒಮ್ಮೆಯೂ ಬಾಯಿಬಿಟ್ಟು ಆಡಿಲ್ಲ. ಶಾಲೆಯಲ್ಲಿ ಲೆಕ್ಕಕ್ಕೆ ಇದ್ದವಳು ನಾನೊಬ್ಬಳೇ, ಹಾಗಾಗಿ ನೀನು ನನ್ನ ತರಗತಿಯಲ್ಲೇ ಕೂರಬೇಕಾಯಿತು. ಕೊನೆಯ ಬೆಂಚಿನಲ್ಲಿ ಕೂರಿಸಿದ್ದೆ. ಎಂದೂ ಮೂವತ್ತು ಅಂಕ ದಾಟದ ನಿನಗೆ ಆ ವರ್ಷದ ಒಂದು ಪರೀಕ್ಷೆಯಲ್ಲಿ ಎಪ್ಪತ್ತೊಂದು ಬಂತು. ನಾನೇ ತಿದ್ದಿದ್ದು, ಎರಡು ಸಲ ಕೂಡಿ ನೋಡಿದೆ. ಸಿಬ್ಬಂದಿ ಕೋಣೆಯಲ್ಲಿ ವಿಜ್ಞಾನದ ಮೇಷ್ಟ್ರು ಚಹಾ ಕುಡಿಯುತ್ತಾ, "ಪ್ರಶ್ನೆಪತ್ರಿಕೆ ಮನೇಲೇ ತಯಾರಾದ್ರೆ ಯಾರಿಗ್ ಬರಲ್ಲ ಬಿಡಿ" ಎಂದು ನಕ್ಕರು. ಆ ನಗು ನನಗೆ ಮುಳ್ಳಿನ ಹಾಗೆ ಚುಚ್ಚಿತು. ಮುಂದಿನ ಪೀರಿಯಡ್ಡಿನಲ್ಲಿ ನಲವತ್ತು ಮಕ್ಕಳ ಮುಂದೆ ನಿನ್ನನ್ನು ಕರೆದು, ಆ ಪತ್ರಿಕೆಯ ಅತ್ಯಂತ ಕಷ್ಟದ ಲೆಕ್ಕವನ್ನು ಬೋರ್ಡಿನ ಮೇಲೆ ಮಾಡು ಎಂದೆ.

ನೀನು ಮೊದಲ ಸಾಲು ಸರಿಯಾಗಿ ಬರೆದೆ. ಎರಡನೆಯದಕ್ಕೆ ತಿರುಗಿ ನನ್ನ ಮುಖ ನೋಡಿದೆ. ಏನು ಕಂಡಿತೋ, ಅಲ್ಲಿಗೇ ಕೈ ನಿಂತಿತು. ನಾನು ಗಡಿಯಾರ ನೋಡುತ್ತಾ ನಿಂತಿದ್ದೆ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಎಪ್ಪತ್ತೊಂದು ಎಲ್ಲಿಂದ ಬಂತೋ ನಿನಗೇ ಗೊತ್ತು, ಹೋಗಿ ಕೂತ್ಕೋ ಎಂದೆ. ಅಂಕವನ್ನು ಕೆಂಪು ಶಾಯಿಯಲ್ಲಿ ಹೊಡೆದು ಹಾಕಿದೆ. ನೀನು ಅಳಲಿಲ್ಲ. ಅತ್ತಿದ್ದರೆ ನನಗೆ ಆಗಲೇ ಏನಾದರೂ ಹೊಳೆಯುತ್ತಿತ್ತೇನೋ.

ಮುಂದಿನ ವಾರ ನಿನ್ನ ಹಾಸಿಗೆ ಬಿಸಿಲಿಗೆ ಹಾಕಲು ಎತ್ತಿದಾಗ ಕೆಳಗೆ ಒಂದು ಕಟ್ಟು ಹಾಳೆ ಸಿಕ್ಕಿತು. ಎರಡು ತಿಂಗಳ ಅಭ್ಯಾಸ. ನಾವು ಏಳುವ ಮೊದಲು ಎದ್ದು ಮಾಡಿದ್ದಿರಬೇಕು. ಬೋರ್ಡಿನ ಮೇಲೆ ನಿನಗೆ ಬಾರದ ಆ ಬಗೆಯ ಲೆಕ್ಕವನ್ನು ನೀನು ಹನ್ನೊಂದು ಸಲ ಮಾಡಿದ್ದೆ. ಹತ್ತು ಸಲ ತಪ್ಪಾಗಿತ್ತು. ಪ್ರತಿ ಸಲ ತಪ್ಪು ಸ್ವಲ್ಪ ಕೆಳಗಿನ ಸಾಲಿಗೆ ಇಳಿದಿತ್ತು. ಹನ್ನೊಂದನೆಯದು ಸರಿ. ಅದರ ಪಕ್ಕದಲ್ಲಿ ನೀನೇ ನಿನಗೆ ಒಂದು ಚಿಕ್ಕ ಸರಿಗುರುತು ಹಾಕಿಕೊಂಡಿದ್ದೆ, ನಾನು ಹಾಕುವ ಹಾಗೇ ಬಾಲ ಉದ್ದ ಎಳೆದು.

ಹಾಳೆಗಳನ್ನು ಇದ್ದಲ್ಲೇ ಇಟ್ಟು ಹಾಸಿಗೆ ಹಾಸಿದೆ. ಮಾರನೆಯ ದಿನ ತರಗತಿಯಲ್ಲಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಲವತ್ತು ಮಕ್ಕಳ ಮುಂದೆ ಟೀಚರ್ ತಪ್ಪು ಒಪ್ಪಿಕೊಂಡರೆ ಶಿಸ್ತು ಎಲ್ಲಿ ಉಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀನು ಮತ್ತೆ ಲೆಕ್ಕದ ಪುಸ್ತಕ ಮುಟ್ಟಲಿಲ್ಲ. ಹದಿನೇಳಕ್ಕೆ ಮನೆ ಬಿಟ್ಟೆ. ಮೊಂಡು ಹುಡುಗಿ ಎಂದು ಕೇಳಿದವರಿಗೆಲ್ಲ ನಾನು ಹೇಳಿದೆ.

ಎರಡು ವರ್ಷದ ಹಿಂದೆ ನಿನ್ನ ಫ್ರೇಮ್ ಅಂಗಡಿಯ ಎದುರಿನ ಫುಟ್‌ಪಾತಿನಲ್ಲಿ ಬಂದು ನಿಂತಿದ್ದೆ, ನಿನಗೆ ಗೊತ್ತಿಲ್ಲ. ಯಾರದೋ ಮದುವೆಯ ಫೋಟೋಗೆ ನೀನು ಚೌಕಟ್ಟು ಕತ್ತರಿಸುತ್ತಿದ್ದೆ. ಅಳತೆಯ ಟೇಪು ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದನ್ನು ಮುಟ್ಟದೆ ಒಂದು ರಟ್ಟಿನ ಪಟ್ಟಿಯನ್ನು ಫೋಟೋದ ಅಂಚಿಗೆ ಹಿಡಿದು, ಪೆನ್ಸಿಲಿನಲ್ಲಿ ಗೀರು ಎಳೆದು, ಆ ಪಟ್ಟಿಯನ್ನೇ ಮರದ ಮೇಲೆ ಇಟ್ಟು ಕತ್ತರಿಸಿದೆ. ನಾಲ್ಕು ಮೂಲೆಯೂ ಕೂದಲೆಳೆ ಬಿಡದೆ ಕೂಡಿತು. ಎಂಥ ಕೈ ಎಂದು ಹೆಮ್ಮೆಪಟ್ಟೆ. ದಾರಿಯಲ್ಲಿ ಹೋಗುತ್ತಾ ಹೊಳೆಯಿತು, ನೀನು ಎಲ್ಲವನ್ನೂ ಮಾಡುತ್ತೀಯ, ಅಂಕಿಯನ್ನು ಮಾತ್ರ ನೋಡುವುದಿಲ್ಲ.

ಭಾನುವಾರದ ಫೋನಿನ ಉಳಿದ ಕಥೆ ಹೇಳಿಬಿಡುತ್ತೇನೆ. ಮಗು ಪುಸ್ತಕದಿಂದ ಓದಿದಳು. ಮೂರರಲ್ಲಿ ಒಂದು ಭಾಗ ದೊಡ್ಡದೋ, ನಾಲ್ಕರಲ್ಲಿ ಒಂದು ಭಾಗ ದೊಡ್ಡದೋ? ನಾಲ್ಕೇ ತಾನೇ ದೊಡ್ಡದು ಎಂದು ಅವಳ ವಾದ. ನನಗೆ ಉತ್ತರ ಗೊತ್ತಿರಲಿಲ್ಲ ಪುಟ್ಟಿ. ಟೀಚರ್ ನಾಟಕ ಆಡಲಿಲ್ಲ, ನಿಜವಾಗಿ ಗೊತ್ತಿರಲಿಲ್ಲ. ನಂಗೂ ಗೊತ್ತಿಲ್ಲ ಕಂದ, ಒಂದು ಹಾಳೆ ತಗೋ, ನಾನೂ ತಗೋತೀನಿ ಎಂದೆ. ಇಬ್ಬರೂ ಮಡಿಸಿದೆವು. ನಾಲ್ಕಕ್ಕೆ ಸುಲಭ, ಮೂರಕ್ಕೆ ಮಡಿಸಲು ಇಬ್ಬರೂ ಒದ್ದಾಡಿದೆವು. ಇಪ್ಪತ್ತು ನಿಮಿಷ ಹಿಡಿಯಿತು. ಕೊನೆಗೆ ಆ ಕಡೆಯಿಂದ ಕೂಗಿದಳು. "ಅಜ್ಜೀ, ಮೂರರದ್ದೇ ದೊಡ್ಡದು! ಜಾಸ್ತಿ ಜನ ಹಂಚ್ಕೊಂಡ್ರೆ ಒಬ್ಬೊಬ್ರಿಗೆ ಕಮ್ಮಿ ತಾನೇ ಸಿಗೋದು!" ನನಗೆ ಕಲಿಸಿದವಳು ಅವಳು.

ಜಾಣೆ ಎನ್ನಲು ಬಾಯಿ ತೆರೆದು ತಡೆದುಕೊಂಡೆ. ಆ ಮಾತನ್ನು ಮುಂದಿನ ಬೆಂಚಿನವರಿಗೆ ಧಾರಾಳವಾಗಿ ಹಂಚಿದವಳು ನಾನು. ಮೊದಲ ಸಲ ಎಡವಿದಾಗ ಅವರಲ್ಲಿ ಕೆಲವರು ಮತ್ತೆ ಏಳಲಾರದೆ ಹೋದದ್ದನ್ನೂ ನೋಡಿದ್ದೇನೆ. ಎರಡು ಸಲ ತಪ್ಪಿದರೂ ಹಾಳೆ ಎಸೀಲಿಲ್ಲವಲ್ಲ ನೀನು ಎಂದಷ್ಟೇ ಹೇಳಿದೆ. "ನೀವೂ ಎಸೀಲಿಲ್ಲ" ಎಂದಳು.

ನನಗೆ ಎಲ್ಲವೂ ವಾಪಸು ಬರುವುದಿಲ್ಲ. ಕೇಂದ್ರದ ಆ ಹುಡುಗಿ ಮುಚ್ಚಿಡದೆ ಹೇಳಿದ್ದಾಳೆ. ಎರಡಂಕಿಯ ಕಳೆಯುವ ಲೆಕ್ಕದವರೆಗೆ ಬಂದಿದ್ದೇನೆ. ಅದರಾಚೆ ಎಷ್ಟು ದೂರ ಎಂದು ಯಾರಿಗೂ ಗೊತ್ತಿಲ್ಲ. ಇನ್ನೊಂದು ಸಲ ಹೀಗಾದರೆ ಇದೂ ಹೋಗಬಹುದು. ಅದಕ್ಕೇ, ಹೇಳುವುದನ್ನು ಈಗಲೇ ಹೇಳುತ್ತಿದ್ದೇನೆ.

ನನ್ನನ್ನು ಕ್ಷಮಿಸು ಎಂದು ಕೇಳಲು ಕೂತದ್ದಲ್ಲ. ಅದು ನಿನಗೆ ಬಿಟ್ಟದ್ದು, ಆಗದಿದ್ದರೂ ನ್ಯಾಯವೇ. ಮಗುವಿಗೆ ಮಾತ್ರ ನಮ್ಮನೇಲಿ ಯಾರಿಗೂ ಬರಲ್ಲ ಎನ್ನಬೇಡ. ಅದು ನಿನ್ನ ಮಾತಲ್ಲ, ನಾನು ನಿನ್ನ ಬಾಯಲ್ಲಿ ಇಟ್ಟದ್ದು. ನಿನಗೆ ಉತ್ತರ ಗೊತ್ತಿರಬೇಕಾಗಿಲ್ಲ. ಪಕ್ಕದಲ್ಲಿ ಕೂತು, ಇದು ಹೇಗೆ ಬಂತು, ನಂಗೂ ತೋರ್ಸು ಎಂದರೆ ಸಾಕು. ನೀನು ಬೇಡವೆಂದರೆ ನಾನು ಮತ್ತೆ ಫೋನ್ ಮಾಡುವುದಿಲ್ಲ.

ಮೈ ನೋಡಿಕೋ. ಅಳಿಯಂದಿರಿಗೆ ನೆನಪು ಹೇಳು.

ತಡವಾಗಿ ಕಲಿಯುತ್ತಿರುವ,
ನಿನ್ನ ಅಮ್ಮ

ಮರೆತದ್ದು: ಮರೆತದ್ದಲ್ಲ, ಬಚ್ಚಿಟ್ಟದ್ದು. ಲಕೋಟೆ ಅಂಟಿಸಿ ಮತ್ತೆ ಒಡೆದೆ. ಏಳನೇ ತರಗತಿಯಲ್ಲಿ ನಾನು ಲೆಕ್ಕದಲ್ಲಿ ಎರಡು ಸಲ ಫೇಲಾಗಿದ್ದೆ. ನಿಮ್ಮಪ್ಪನಿಗೂ ಹೇಳಿರಲಿಲ್ಲ, ಶಾಲೆಯಲ್ಲಂತೂ ಯಾರಿಗೂ ತಿಳಿಯದು. ನಿನ್ನ ತಪ್ಪುಗಳನ್ನು ನೋಡಿದಾಗಲೆಲ್ಲ ನನ್ನ ಗುಟ್ಟು ಹೊರಬಿದ್ದೀತೆಂದು ಹೆದರಿ ಅವನ್ನು ಬಡಪಾಯಿ ನಿಮ್ಮಪ್ಪನ ತಲೆಗೆ ಕಟ್ಟುತ್ತಿದ್ದೆ. ನಮ್ಮಮ್ಮನಿಗೆ ಓದುಬರಹ ಇರಲಿಲ್ಲ. ಆದರೂ ದಿನಾ ಸಂಜೆ ಕೆಲಸ ಮುಗಿಸಿ ನನ್ನ ಪಕ್ಕ ಕೂತು, ಇವತ್ತಿಂದು ನಂಗೆ ಅರ್ಥ ಆಗೋ ಹಾಗೆ ಹೇಳು ಎನ್ನುತ್ತಿದ್ದಳು. ಅವಳಿಗೆ ಅರ್ಥವಾಗುವವರೆಗೆ ಹೇಳಿ ಹೇಳಿಯೇ ನಾನು ಕಲಿತದ್ದು. ಎರಡು ವರ್ಷ ಹಿಡಿಯಿತು. ಲೆಕ್ಕ ಯಾರಿಗಾದರೂ ಬರುತ್ತದೆ ಎಂದು ಆ ಶಾಲೆಯಲ್ಲಿ ಖಚಿತವಾಗಿ ಗೊತ್ತಿದ್ದವಳು ನಾನೊಬ್ಬಳೇ, ಪುಟ್ಟಿ. ಗೊತ್ತಿದ್ದೂ ನಿನಗೆ ಹೇಳಲಿಲ್ಲ.