ಖಾಲಿ ಕತ್ತರಿ

ಜೂನ್ 5, ಗುರುವಾರ

ಬೆಳಿಗ್ಗೆ ನಾಲ್ಕು ತಲೆ, ಎರಡು ಗಡ್ಡ. ಮಷೀನಿಗೆ ಎಣ್ಣೆ ಬಿಟ್ಟೆ. ಭಾವಮೈದುನ ಕೊಟ್ಟ ಪಟ್ಟಿ ಕಟ್ಟಿಕೊಂಡು ಮೂರು ದಿನ. ಎಡಗೈಗೆ, ವಾಚಿನ ಹಾಗೆ. ಫೋನ್ ಬಂದರೆ ಬೆರಳನ್ನು ಕಿವಿಯ ಪಕ್ಕದ ಮೂಳೆಗೆ ಒತ್ತಿದರಾಯಿತು — ಮಾತು ಕೈಯ ಮೂಲಕವೇ ಬಂದು ತಲೆಯೊಳಗೆ ಕೇಳಿಸುತ್ತದೆ. ಪಕ್ಕದವರಿಗೆ ಒಂದಕ್ಷರವೂ ಇಲ್ಲ. ಹೆಂಡತಿ ಮಾತ್ರ, "ಕಿವೀಲಿ ಬೆರಳಿಟ್ಕೊಂಡು ಒಬ್ರೇ ಮಾತಾಡ್ತಿದ್ರೆ ಗಿರಾಕಿ ಓಡಿಹೋಗ್ತಾರೆ ರೀ" ಅಂದಳು. ಯಾರೂ ಓಡಲಿಲ್ಲ. ಬಂದವರಿಗೆಲ್ಲ ತೋರಿಸಿ ಮೆರೆದೆ.

ಜೂನ್ 7, ಶನಿವಾರ

ಎಕ್ಸ್‌ಚೇಂಜ್ ಯಜಮಾನರು ಹತ್ತಕ್ಕೇ ಬಂದರು. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತು ವರ್ಷ ದುಡಿದ ಕಿವಿ. ಈಗ ಆರು ವರ್ಷದಿಂದ ಪಕ್ಕದಲ್ಲಿ ಡಬ್ಬ ಬಿದ್ದರೂ ಕೇಳದು. ತಲೆಯಲ್ಲಿ ಕೂದಲೂ ಇಲ್ಲ. ಆದರೂ ಶನಿವಾರ ತಪ್ಪಿಸುವುದಿಲ್ಲ. ಕನ್ನಡಕ ತೆಗೆದು ಕಣ್ಣು ಮುಚ್ಚುತ್ತಾರೆ. ನಾನು ತಲೆ ಹಿಡಿದು, ಬಾಚಣಿಗೆ ತಾಗಿಸಿ, ಗಾಳಿಯಲ್ಲಿ ಕತ್ತರಿ ಆಡಿಸುತ್ತೇನೆ. ಕಾಲು ಗಂಟೆ.

ಮಧ್ಯದಲ್ಲಿ ಭಾವಮೈದುನನ ಫೋನ್. "ಯಜಮಾನ್ರು ಕೂತಿದಾರೆ, ಆಮೇಲೆ ಮಾಡು" ಅಂದೆ. ಅವನು ನಗುತ್ತ ಏನೋ ಶುರುಮಾಡಿದ. ನಾನು ಕಟ್ ಮಾಡದೆ ಅದೇ ಕೈಯಿಂದ ಇವರ ತಲೆ ಹಿಡಿದೆ.

ಬೆಚ್ಚಿಬಿದ್ದರು. "ಯಾರೋ ಮಾತಾಡಿದ್ರು," ಅಂದರು, ಗಟ್ಟಿಯಾಗಿ. "ನನ್ನ ತಲೆಯೊಳಗೆ! ಯಾರದು?"

ಬೆಂಚಿನ ಮೇಲಿದ್ದವರು ನಕ್ಕರು. ಯಜಮಾನರು ನನ್ನ ಮುಖ ನೋಡಿದರು. ನಾನು ತಲೆ ಅಲ್ಲಾಡಿಸಿದೆ. ಯಾರೂ ಇಲ್ಲ ಅಂತ. ಸಾಲದ್ದಕ್ಕೆ ಬೆಂಚಿನವರಿಗೆ ಕಣ್ಣು ಹೊಡೆದೆ.

ಜೂನ್ 8

ಭಾವಮೈದುನನಿಗೆ ಫೋನ್ ಮಾಡಿದೆ. "ನಿನ್ನೆ ಏನಂದೆ?"

"ನೀವೇ ಹೇಳಿದ್ದಲ್ವಾ ಭಾವ. ಬೋಳು ತಲೆ, ಖಾಲಿ ಕತ್ತರಿ. ಮನೇಲಿ ಮಾತಾಡ್ಸೋರು ಯಾರೂ ಇಲ್ದೆ ತಲೆ ಸವರಿಸ್ಕೊಳ್ಳೋಕೆ ಬರ್ತಾನೆ ಮುದುಕ, ಅಂತ."

ಹೌದು, ನಾನೇ ಹೇಳಿದ್ದು. ಊಟಕ್ಕೆ ಕೂತಾಗ, ಎಲ್ಲರನ್ನೂ ನಗಿಸಲು. ಅವನು ಇನ್ನೂ ಮಾತಾಡುತ್ತಿದ್ದಾಗಲೇ ಹೆಂಡತಿಯ ತಲೆ ಮೇಲೆ ಕೈಯಿಟ್ಟು ನೋಡಿದೆ. "ಅಯ್ಯೋ, ತಮ್ಮನ ಮಾತು ನನ್ನ ತಲೇಲಿ ಕೇಳ್ತಿದೆ!" ಅಂದಳು. ಕಿವಿ ಕೆಟ್ಟರೂ ಮೂಳೆ ಕೆಟ್ಟಿರುವುದಿಲ್ಲ... ಆರು ವರ್ಷದ ಮೇಲೆ ಆ ಮನುಷ್ಯ ಸ್ಪಷ್ಟವಾಗಿ ಕೇಳಿದ ಮೊದಲ ಮಾತು ಅದು.

ಜೂನ್ 14, ಶನಿವಾರ

ಬರಲಿಲ್ಲ. ಬಿಸಿಲು ಜಾಸ್ತಿ, ಅದಕ್ಕಿರಬೇಕು.

ಜೂನ್ 21, ಶನಿವಾರ

ಬರಲಿಲ್ಲ. ಬಿಸಿಲಿರಲಿಲ್ಲ.

ಜೂನ್ 24

ಯಜಮಾನರ ಮಗಳು ಅಂಗಡಿಗೆ ಬಂದಿದ್ದಳು. "ಅಣ್ಣಾ, ಅಪ್ಪಂಗೆ ತಲೆಯೊಳಗೆ ಯಾರೋ ಆಡ್ಕೊಂಡ ಹಾಗೆ ಕೇಳಿಸ್ತಂತೆ. ಅವತ್ತಿಂದ ಮನೇಲಿರೋ ಪ್ಲಗ್ಗೆಲ್ಲ ಕಿತ್ತಿಟ್ಟು ಕೂತಿದಾರೆ. ನಂಗೆ ಹುಚ್ಚು ಹಿಡೀತಾ ಅಂತ ಕೇಳ್ತಾರೆ. ಗುರುವಾರ ತಲೆ ಡಾಕ್ಟ್ರಿಗೆ ತೋರಿಸ್ತೀನಿ. ಇಲ್ಲಿ ಏನಾದ್ರೂ ಆಯ್ತಾ?"

"ಏನಿಲ್ಲಮ್ಮ" ಅಂದೆ.

ಎರಡನೆಯ ಸಲ ಸುಳ್ಳು. ಎಲುಬಿಲ್ಲದ ನಾಲಿಗೆ. ಥೂ.

ಜೂನ್ 25

ಹೇಳಲೇಬೇಕು. ಹೇಗೆ? ಕೂಗಿ ಹೇಳಿದರೆ ಬೀದಿಗೆಲ್ಲ ಕೇಳುತ್ತದೆ, ಅವರೊಬ್ಬರಿಗೆ ಬಿಟ್ಟು. ಬರೆದು ಕೊಟ್ಟರೆ ಮಗಳು ಓದುತ್ತಾಳೆ. ಇಲ್ಲೂ ಹೇಡಿಯ ಲೆಕ್ಕಾಚಾರವೇ.

ಫೋನಿನಲ್ಲಿ ರೆಕಾರ್ಡ್ ಮಾಡಿದೆ. ಒಂಬತ್ತು ಸಲ. ಎಂಟರಲ್ಲಿ ತಪ್ಪು ಭಾವಮೈದುನನದು. ಒಂಬತ್ತನೆಯದರಲ್ಲಿ ನನ್ನದು.

ಜೂನ್ 26, ಗುರುವಾರ

ಅಂಗಡಿ ತೆಗೆಯದೆ ನೇರ ಅವರ ಮನೆಗೆ. ಇಸ್ತ್ರಿ ಅಂಗಿ ಹಾಕಿಕೊಂಡು ಆಸ್ಪತ್ರೆಗೆ ಹೊರಟು ಕೂತಿದ್ದರು. ಪಟ್ಟಿ ತೋರಿಸಿ, ಅವರ ಕಿವಿಯ ಹಿಂದೆ ಬೆರಳಿಟ್ಟು, ಪ್ಲೇ ಒತ್ತಿದೆ. ನನಗೇನೂ ಕೇಳದು. ಅವರ ಮುಖ ನೋಡುತ್ತ ನಿಂತೆ.

"ಇನ್ನೊಂದ್ಸಲ ಹಾಕು."

ಮೂರು ಸಲ ಹಾಕಿಸಿದರು.

"ನಿನ್ನ ದನಿ ದಪ್ಪ ಆಗಿದೆ ಕಣೋ," ಅಂದರು. ಕನ್ನಡಕ ತೆಗೆದು ಒರೆಸುತ್ತ, "ಮೂವತ್ತು ವರ್ಷ ಕಂಡೋರ ಮಾತು ಕದ್ದು ಕೇಳಿದೀನಿ. ನನ್ನ ಬಗ್ಗೇನೇ ಕೇಳಿದ್ದು ಇದೇ ಮೊದಲು. ಕತ್ತರಿ ಖಾಲಿ ಅಂತ ಗೊತ್ತಿತ್ತು. ಬೋಳು ತಲೆ ನಂದೇ ಅಲ್ವಾ?"

ಕಾಲು ಹಿಡಿಯಲು ಬಗ್ಗಿದೆ. ಭುಜ ಹಿಡಿದು ತಡೆದರು. "ಹುಚ್ಚಲ್ಲ ಅಂತಾಯ್ತಲ್ಲ, ಅಷ್ಟು ಸಾಕು. ಮಗಳಿಗೆ ನೀನೇ ಹೇಳು."

ಮಗಳು ಬಾಗಿಲಲ್ಲೇ ಇದ್ದಳು, ಕೈಯಲ್ಲಿ ಡಾಕ್ಟರ ಚೀಟಿ. ಪಟ್ಟಿಯ ವಿಷಯ ಹೇಳಿದೆ. ಅವಳು ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡಳು, ನಕ್ಕಳು ಕೂಡ. ಆಮೇಲೆ ಕೇಳಿದಳು, "ಅಷ್ಟಕ್ಕೂ ಏನಂದ್ರು ಅಣ್ಣಾ, ಫೋನಲ್ಲಿ?"

ಮೇಜಿನ ಮೇಲೆ ಸ್ಲೇಟು. ಆರು ವರ್ಷದಿಂದ ದಿನವಿಡೀ ಅದರಲ್ಲಿ ಬರೆದು ಬರೆದು ಅಪ್ಪನನ್ನು ಮಾತಾಡಿಸುತ್ತಿದ್ದಾಳಂತೆ. ಅಂಚು ಸವೆದಿದೆ. ಇವತ್ತಿನದು ಇನ್ನೂ ಅಳಿಸಿರಲಿಲ್ಲ — ಹೆದರಬೇಡ, ನಾನೂ ಒಳಗೆ ಬರುತ್ತೇನೆ.

ನನಗೆ ಗೊತ್ತಿರಲಿಲ್ಲ. ಕೇಳಿಯೂ ಇರಲಿಲ್ಲ.

ಹೇಳಲು ಶುರುಮಾಡಿದೆ. ಬೋಳು ತಲೆ ಅಂದೆ. ಖಾಲಿ ಕತ್ತರಿ ಅಂದೆ. ಮನೇಲಿ ಮಾತಾಡ್ಸೋರು —