ಅರ್ಧ ಲೀಟರಿನ ಲೆಕ್ಕ

ಪ್ರೀತಿಯ ಅಪ್ಪನಿಗೆ,

ಮಂಡಿನೋವು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುವುದನ್ನು ಬಿಡಬೇಡಿ.

ಅಮ್ಮ ತೀರಿಕೊಂಡ ಮೇಲೆ ಖಾಲಿ ಬಿದ್ದಿದ್ದ ಅವಳ ಲ್ಯಾಬಿನ ಮೇಜನ್ನೇ ಕಾಲೇಜಿನವರು ನನಗೆ ಕೊಟ್ಟಿದ್ದಾರೆ. ಇವತ್ತು ಪ್ರಾಯೋಗಿಕ ಪರೀಕ್ಷೆಗೆಂದು ಒಂದು ಮೋಲಾರ್ ಕಾಸ್ಟಿಕ್ ಸೋಡಾ ದ್ರಾವಣ ಮಾಡಬೇಕಿತ್ತು. ಲೀಟರಿಗೆ ನಲವತ್ತು ಗ್ರಾಂ ಎಂಬುದು ಬಾಯಿಪಾಠವಾದ ಲೆಕ್ಕ. ಹಿಂದೆಮುಂದೆ ನೋಡದೆ ಅಷ್ಟನ್ನೂ ಬೀಕರಿನಲ್ಲಿ ತೂಗಿ, ಫ್ಲಾಸ್ಕಿಗೆ ಹಾಕಲು ಕೈಗೆತ್ತಿಕೊಂಡೆ.

"ಫ್ಲಾಸ್ಕ್ ಎಷ್ಟರದ್ದು ಅಂತ ನೋಡಿದ್ಯೇನೇ?" ಎಂದು ಬೆನ್ನ ಹಿಂದೆ ಅಮ್ಮ ಕೇಳಿದಳು.

ನೋಡಿದರೆ ಅರ್ಧ ಲೀಟರಿನ ಫ್ಲಾಸ್ಕ್. ಇಪ್ಪತ್ತೇ ಗ್ರಾಂ ಸಾಕಿತ್ತು. ಹಾಗೇ ಹಾಕಿದ್ದರೆ ದ್ರಾವಣ ಎರಡು ಮೋಲಾರ್, ಅಂದರೆ ಬೇಕಾದ್ದಕ್ಕಿಂತ ಇಮ್ಮಡಿ ಗಾಢ ಆಗಿ, ಪರೀಕ್ಷೆಗೆ ಕೂತ ಮಕ್ಕಳೆಲ್ಲರ ಉತ್ತರವೂ ತಪ್ಪುತ್ತಿತ್ತು.

ತಿರುಗಿ ನೋಡಲು ನನಗೆ ಧೈರ್ಯ ಬರಲಿಲ್ಲ. ಬೀಕರುಗಳನ್ನು ತೊಳೆಯುತ್ತಿದ್ದ ಅಟೆಂಡರಮ್ಮ ನಲ್ಲಿ ನಿಲ್ಲಿಸಿ, "ಯಾರು ಮೇಡಂ ಮಾತಾಡಿದ್ದು?" ಎಂದರು.

"ನಾನೇ" ಎಂದೆ. ಅವರು ನನ್ನ ಮುಖ ನೋಡದೆ, ನನ್ನ ಹೆಗಲಾಚೆಗೇ ನೋಡುತ್ತಿದ್ದರು.

ನೀವು ಸಂಜೆ ಹೊತ್ತು ಅಮ್ಮನ ಜೊತೆ ಮಾತಾಡುತ್ತಾ ಕೂರುತ್ತೀರಿ, ಡಾಕ್ಟರಿಗೆ ತೋರಿಸೋಣ ಎಂದು ಅಣ್ಣ ಹಟ ಹಿಡಿದಿದ್ದ. ಸದ್ಯಕ್ಕೆ ಅದೇನೂ ಬೇಡ ಎಂದು ಅವನಿಗೆ ಹೇಳಿದ್ದೇನೆ. ಭಾನುವಾರ ನಾನೊಬ್ಬಳೇ ಬರುತ್ತೇನೆ. ಹಿಂದಿನ ಕೋಣೆಯಲ್ಲಿ ಹಾಸಿಗೆ ಹಾಕಬೇಡಿ, ನಿಮ್ಮ ಕೋಣೆಯಲ್ಲೇ ಮಲಗುತ್ತೇನೆ.

ಅಷ್ಟರಲ್ಲಿ ಅವಳು ಬಂದರೆ, ಲೆಕ್ಕ ಸರಿಮಾಡಿಕೊಂಡೆ ಅಂತ ಹೇಳಿಬಿಡಿ. ಅಲ್ಲಿ ಅಟೆಂಡರಮ್ಮನ ಎದುರು ಅವಳಿಗದನ್ನು ಹೇಳಲಾಗಲಿಲ್ಲ.

ನಿಮ್ಮ ಮಗಳು